ಹೂವು ಬೀಳುವ ಕಡೆ

ಬುಟ್ಟಿಯ ಮೇಲಿನ ಗೋಣಿಚೀಲ ಸರಿಸಿದ ನೀಲಂ ಹಾಗೇ ಕುಕ್ಕರಿಸಿ ಕೂತುಬಿಟ್ಟಳು. ಐದೂ ತೆಂಗಿನಕಾಯಿಗಳು ಒಂದರ ಮೇಲೊಂದು ಉರುಳಿ ಬಿದ್ದಿದ್ದವು. ಐದಕ್ಕೂ ಅದೇ ಹೊಗೆ ಹಿಡಿದ ಕಪ್ಪು, ಅದೇ ಒಣಗಿದ ಅರಿಸಿನ, ಅದೇ ಉದುರಿದ ಜುಟ್ಟು. ಇದರಲ್ಲಿ ಒಂದು ಅವಳ ಗಂಡ. ಯಾವುದು?

ತಪ್ಪು ಅವಳದೇ. ಒಳಕೋಣೆಯ ತೊಲೆಗೆ ಗೆದ್ದಲು ಹತ್ತಿತ್ತು. ಹಬ್ಬಕ್ಕೆ ಮೊದಲು ಅದನ್ನು ಬದಲಿಸಲು ಇಬ್ಬರು ಆಳುಗಳು ಬಂದಿದ್ದರು. ಮೂಲೆಯ ಮಣ್ಣಿನ ಕಟ್ಟೆಯ ಮೇಲಿದ್ದ ಹಿರಿಯರನ್ನು ನೀಲಂ ಒಬ್ಬೊಬ್ಬರನ್ನಾಗಿ ಎತ್ತಿ, ಅದೇ ಸಾಲಿನಲ್ಲಿ ಮೊರದ ಮೇಲಿಟ್ಟು ಅಂಗಳಕ್ಕೆ ತಂದಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ದಸರೆ ಬಂದರೂ ಹೋಗಲೊಲ್ಲದ ಮಳೆ ಒಮ್ಮೆಲೇ ಹೊಡೆಯಿತು. ಒಣಹಾಕಿದ ಕಟ್ಟಿಗೆ, ಹಗ್ಗದ ಮೇಲಿನ ಬಟ್ಟೆ, ಕಟ್ಟಿಹಾಕಿದ ಆಡು, ಎಲ್ಲದಕ್ಕೂ ಒಬ್ಬಳೇ ಓಡಾಡುವ ಗಡಿಬಿಡಿಯಲ್ಲಿ ಮೊರವನ್ನು ಬುಟ್ಟಿಗೆ ಬಗ್ಗಿಸಿ, ಮೇಲೊಂದು ಗೋಣಿಚೀಲ ಎಸೆದು ಓಡಿದ್ದಳು. ಕಾಳು ಸುರಿದ ಹಾಗೆ ಮನೆಯ ಹಿರಿಯರನ್ನು ಸುರಿದುಬಿಟ್ಟಿದ್ದಳು.

ಈ ಮನೆಯಲ್ಲಿ ಸತ್ತವರು ದೂರ ಹೋಗುವುದಿಲ್ಲ. ಹಳಿಯಾಳದ ಕಡೆಯ ಸಿದ್ದಿಗಳ ಮನೆ. ಸತ್ತವರೊಬ್ಬರಿಗೆ ಒಂದೊಂದು ತೆಂಗಿನಕಾಯಿ. ಕಟ್ಟೆಯ ಮೇಲೆ ಐದೇ ಜಾಗ. ಗೋಡೆಯ ಕಡೆಗೆ ಎಲ್ಲರಿಗಿಂತ ಹಳಬರು, ಬಾಗಿಲ ಕಡೆಗೆ ಇತ್ತೀಚೆಗೆ ಹೋದವರು. ಹೊಸಬರು ಬಂದರೆ ಎಲ್ಲರೂ ಒಂದೊಂದು ಜಾಗ ಸರಿಯಬೇಕು, ಗೋಡೆಗೆ ಹತ್ತಿದವರು ಎದ್ದು ಹಳ್ಳಕ್ಕೆ ಹೋಗಬೇಕು. ಮೂರು ವರ್ಷದ ಹಿಂದೆ ಯಲ್ಲಪ್ಪ ಬಂದು ಬಾಗಿಲ ಕಡೆ ಕೂತಾಗ ಗೋಡೆ ಬದಿಯ ಕಾಯಿಯನ್ನು ಹಳ್ಳಕ್ಕೆ ಬಿಟ್ಟು ಬಂದಿದ್ದರು. ಅದು ಯಾರೆಂದು ನೀಲಂ ಕೇಳಿದರೆ ಅತ್ತೆ ತುಳಸಾಗೂ ಹೆಸರು ನೆನಪಾಗಿರಲಿಲ್ಲ. "ಯಾರೋ ನಮ್ಮವ್ರ" ಎಂದು ಕೈ ಮುಗಿದಿದ್ದಳು, ಅಷ್ಟೇ.

ಯಲ್ಲಪ್ಪ ದಾಂಡೇಲಿಯಲ್ಲಿ ಪ್ರವಾಸಿಗರನ್ನು ರಬ್ಬರು ದೋಣಿಯಲ್ಲಿ ಕೂರಿಸಿ ಕಾಳಿ ನದಿಯ ಸೆಳವಿಗೆ ಇಳಿಸುವ ಕೆಲಸ ಮಾಡುತ್ತಿದ್ದವ. ಆರು ವರ್ಷ, ದಿನಕ್ಕೆ ಮೂರು ಸಲ ಆ ನೀರಿಗೆ ಇಳಿದು ಕೂದಲೂ ಕೊಂಕದೆ ಬಂದವ, ಕಾಮಾಲೆಯಾಗಿ ಹನ್ನೊಂದೇ ದಿನದಲ್ಲಿ ಹೋಗಿಬಿಟ್ಟ. ನದಿಗೆ ಹೆದರಿ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು ನೀಲಂ. ಕಾಮಾಲೆಗೆಂದು ಹರಕೆ ಹೊರಬೇಕೆಂದು ಯಾರಿಗೆ ಗೊತ್ತಿತ್ತು?

ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿ ಬಾಗಿಲ ಕಡೆಯ ಕಾಯಿಯ ಮುಂದೆ ಕೂತು ದಿನದ ಸುದ್ದಿ ಒಪ್ಪಿಸುತ್ತಿದ್ದಳು. ಆಡು ಅವಳಿ ಮರಿ ಹಾಕಿದ್ದು, ಭತ್ತದ ಗದ್ದೆಗೆ ಹಂದಿ ನುಗ್ಗಿದ್ದು, ಅತ್ತೆ ಆಸ್ಪತ್ರೆಗೆ ಬರಲೊಲ್ಲೆನೆಂದು ಹಟ ಹಿಡಿದದ್ದು. "ಸಾವಿರ ಕಾಯಿ ನಡುವ ಇಟ್ರೂ ನನ್ನ ಗಂಡನ್ನ ನಾ ಗುರ್ತ ಹಿಡೀತೇನಿ" ಎಂದು ಒಮ್ಮೆ ಬಾವಿಕಟ್ಟೆಯಲ್ಲಿ ಹೇಳಿ ಹೆಂಗಸರ ಕಣ್ಣಲ್ಲಿ ನೀರು ತರಿಸಿದ್ದಳು ಕೂಡ. ಸಾವಿರ ಬೇಡ ತಾಯಿ, ಐದರಲ್ಲಿ ಹೇಳು ನೋಡೋಣ!

ಒಂದೊಂದನ್ನೇ ಕೈಗೆತ್ತಿಕೊಂಡು ಅಳ್ಳಾಡಿಸಿದಳು. ಎಲ್ಲದರೊಳಗೂ ಒಣ ಕೊಬ್ಬರಿ ಗುಡುಗುಡು ಉರುಳಿತು. ಮೂಸಿದಳು. ಹೊಗೆ, ಎಣ್ಣೆ. ಒಂದರ ಬುಡದಲ್ಲಿ ಬೆರಳು ಹಿಡಿಯುವಷ್ಟು ಚಕ್ಕೆ ಎದ್ದಿತ್ತು. ಅದು ಮೊದಲೇ ಇತ್ತೋ ಈಗ ಉರುಳಿದಾಗ ಆಯಿತೋ ತಿಳಿಯಲಿಲ್ಲ. ಕಣ್ಣು ಮುಚ್ಚಿ ಯಲ್ಲಪ್ಪನ ಮುಖವನ್ನೇ ನೆನೆಯೋಣವೆಂದರೆ, ಅವನ ಹುಬ್ಬಿನ ಮೇಲಿನ ಗಾಯದ ಕಲೆ ಎಡಕ್ಕಿತ್ತೋ ಬಲಕ್ಕಿತ್ತೋ ಅದೂ ಗಟ್ಟಿಯಾಗಿ ನೆನಪಾಗಲಿಲ್ಲ. ಆಗ ಅವಳಿಗೆ ನಿಜಕ್ಕೂ ಅಳು ಬಂತು. ಕಾಯಿ ಕಲೆಸಿಹೋದದ್ದಕ್ಕಲ್ಲ, ಆ ಕಲೆಗೆ.

ಬೇರೆ ವರ್ಷವಾಗಿದ್ದರೆ ಹೇಗೋ ನಡೆಯುತ್ತಿತ್ತು. ಈ ಶುಕ್ರವಾರದ ಹಿರಿಯರ ಪೂಜೆಯಲ್ಲಿ ಅವಳು ಯಲ್ಲಪ್ಪನಿಗೆ ಒಂದು ಮಾತು ಕೇಳಬೇಕಿತ್ತು. ಕುಳಗಿಯ ಅರಣ್ಯ ಇಲಾಖೆಯ ಕ್ಯಾಂಪಿನಲ್ಲಿ ಅಡುಗೆ ಮಾಡುವ ಜ್ಯೋತಿಬಾ ಅವಳನ್ನು ಮದುವೆಯಾಗಲು ಕೇಳಿದ್ದ. ಅವರದೇ ಜನ, ಜೋಯಿಡಾ ಕಡೆಯವನು, ಹೆಂಡತಿ ಸತ್ತು ಐದು ವರ್ಷವಾಗಿತ್ತು. ಮಾತು ಕಡಿಮೆ, ನಕ್ಕರೆ ಚೆಂದ. ವಿಧವೆ ಮದುವೆಯಾಗುವುದು ಅವರಲ್ಲಿ ತಪ್ಪಲ್ಲ. ಆದರೆ ಸತ್ತ ಗಂಡನ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಬಗೆ ಸರಳ: ನೀರಲ್ಲಿ ಅದ್ದಿದ ಸೇವಂತಿ ಹೂವನ್ನು ಅವನ ಕಾಯಿಯ ನೆತ್ತಿಯ ಮೇಲೆ ಇಡಬೇಕು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ಕೇಳುವವಳು ಒಳಗೆ ಒಬ್ಬಳೇ ಕೂರಬೇಕು, ಉಳಿದವರು ಹೊರಗೆ.

ಎಡಕ್ಕೆ ಬಿದ್ದರೂ ಸರಿ, ಬಲಕ್ಕೆ ಬಿದ್ದರೂ ಸರಿ, ಅವನ ಮಾತು ಅಂತ ತಲೆಬಾಗುತ್ತೇನೆ ಎಂದು ನೀಲಂ ಗಟ್ಟಿ ಮಾಡಿಕೊಂಡಿದ್ದಳು. ಈಗ ಹೂವು ಯಾರ ತಲೆಯ ಮೇಲಿಡುವುದು? ಗಂಡನೆಂದು ತಿಳಿದು ಮುತ್ತಜ್ಜನನ್ನು ಕೇಳಿದರೆ ಅವನೇನು ಹೇಳಿಯಾನು ಪಾಪ, ಅವಳು ಯಾರೆಂದೇ ಅವನಿಗೆ ಗೊತ್ತಿಲ್ಲ.

ತುಳಸಾ ಜಗಲಿಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಬಿಸಿಲು-ನೆರಳು ಬಿಟ್ಟರೆ ಏನೂ ಕಾಣದು. ಆಪರೇಶನ್ ಅಂದರೆ ಮೈಲಿ ದೂರ ಓಡುವ ಮುದುಕಿ, ಹಳೆ ಸೀರೆಯ ತುಂಡುಗಳನ್ನು ಬೆರಳಲ್ಲೇ ತಡವಿ ಮಟ್ಟಸ ಹೊಲಿಗೆ ಹಾಕುತ್ತಿದ್ದಳು. ಒಂದೇ ಒಂದು ಕೆಲಸ ಅವಳ ಕೈಲಿ ಆಗುತ್ತಿರಲಿಲ್ಲ: ಸೂಜಿಗೆ ದಾರ ಪೋಣಿಸುವುದು. ದಿನಾ ಬೆಳಿಗ್ಗೆ ನೀಲಂ ಹತ್ತು ಸೂಜಿಗೆ ದಾರ ಪೋಣಿಸಿ, ಕಂಬಕ್ಕೆ ಕಟ್ಟಿದ ಚಿಂದಿಗೆ ಸಾಲಾಗಿ ಚುಚ್ಚಿ ಹೋಗುತ್ತಿದ್ದಳು. ಹತ್ತು ಮುಗಿದರೆ ಅಂದಿನ ಹೊಲಿಗೆ ಮುಗಿಯಿತು.

"ಅತ್ತಿ, ಒಂದು ತಪ್ಪ ಮಾಡೇನ್ರಿ" ಎಂದು ನೀಲಂ ಬುಟ್ಟಿಯನ್ನು ಅವಳ ಮುಂದಿಟ್ಟಳು. ಅಳುತ್ತಲೇ ಎಲ್ಲ ಹೇಳಿದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತಳು.

ತುಳಸಾ ಬೈಯಲಿಲ್ಲ. "ಅಯ್ಯ, ಇಷ್ಟಕ್ಕ ಯಾಕ ಅಳ್ತಿ? ತಾ ಇಲ್ಲೆ" ಎಂದು ಕೈ ಚಾಚಿದಳು. ಮೊದಲ ಕಾಯಿಯನ್ನು ಎರಡೂ ಅಂಗೈಯಲ್ಲಿ ತಿರುಗಿಸಿ, "ಇದು ನನ್ನ ಅತ್ತಿ. ಹೊತ್ತರ ಇನ್ನೂ ಎದಿಮ್ಯಾಲೆ ಕುಂತಂಗ ಆಗತೈತಿ" ಎಂದು ನಕ್ಕು ಬದಿಗಿಟ್ಟಳು. ಎರಡನೆಯದು ಮುತ್ತಜ್ಜ. ಮೂರನೆಯದು ತುಳಸಾಳ ಮೈದುನ. ನಾಲ್ಕನೆಯದು ಅವಳ ಗಂಡ ಪರಸಪ್ಪ. ಬುಡದಲ್ಲಿ ಚಕ್ಕೆ ಎದ್ದದ್ದು ಕೈಗೆ ಬಂದಾಗ ಅದನ್ನು ಎದೆಗೆ ಒತ್ತಿಕೊಂಡು, "ಇವ ನನ್ನ ಯಲ್ಲ್ಯಾ. ತಾಯಿಗೆ ಗೊತ್ತಾಗೂದಿಲ್ಲೇನು?" ಎಂದಳು.

ನೀಲಂಳ ಎದೆಯ ಮೇಲಿನ ಚಪ್ಪಡಿ ಇಳಿಯಿತು. ಹೇಳಿದ ಸಾಲು ತಪ್ಪದಂತೆ ಐದನ್ನೂ ಮೊರದಲ್ಲಿಟ್ಟುಕೊಂಡು ಒಳಗೆ ಹೋದಳು. ಆಳುಗಳು ತೊಲೆ ಕೂರಿಸಿ ಹೋಗಿದ್ದರು. ಮೊರವನ್ನು ಕಟ್ಟೆಯ ಮೇಲಿಟ್ಟು, ಇನ್ನೇನು ಜೋಡಿಸಬೇಕು, ಹಿತ್ತಲಲ್ಲಿ ಆಡು ಅರಚಿತು. ಹಗ್ಗ ಕೊರಳಿಗೆ ಸುತ್ತಿಕೊಂಡಿತ್ತು. ಬಿಡಿಸಿ ಬರುವಷ್ಟರಲ್ಲಿ ತುಳಸಾ ಗೋಡೆ ಹಿಡಿದು ಒಳಗೆ ಬಂದು ಕಟ್ಟೆಯ ಮುಂದೆ ಕೂತಿದ್ದಳು. ತಾನೇ ಜೋಡಿಸುತ್ತಿದ್ದಳು. ಚಕ್ಕೆ ಎದ್ದ ಕಾಯಿಯನ್ನು ಗೋಡೆಯ ಬದಿಗಿಟ್ಟು, "ನೀನು ಮುತ್ತಜ್ಜ" ಎಂದಳು. ಕೈಗೆ ಸಿಕ್ಕ ಇನ್ನೊಂದನ್ನು ಸವರಿ, "ನೀ ಯಲ್ಲಪ್ಪ, ಬಾ" ಎಂದು ಬಾಗಿಲ ಕಡೆ ಕೂರಿಸಿದಳು.

"ಅತ್ತಿ," ನೀಲಂ ಬಾಗಿಲಲ್ಲೇ ನಿಂತು ಹೇಳಿದಳು, "ಹೊರಗ ಆ ಚಕ್ಕಿ ಎದ್ದಿದ್ದನ್ನ ಎದಿಗೊತ್ಕೊಂಡು ಯಲ್ಲಪ್ಪ ಅಂದಿದ್ರಿ."

ತುಳಸಾಳ ಕೈ ಕಾಯಿಯ ಮೇಲೆಯೇ ನಿಂತಿತು. ಹೊಸ ತೊಲೆಯ ಹಸಿ ಕಟ್ಟಿಗೆಯ ವಾಸನೆ ಕೋಣೆಯ ತುಂಬ ಇತ್ತು.

"ಕುಂದರ" ಎಂದಳು ಕೊನೆಗೆ. "ನಿನಗ ಸುಳ್ಳ ಹೇಳಿ ಏನ ಮಾಡ್ಲಿ. ನನಗೂ ಗೊತ್ತಿಲ್ಲವ್ವಾ. ಯಾವತ್ತೂ ಗೊತ್ತಿರಲಿಲ್ಲ. ನಿನ್ನ ಲಗ್ನಾದ ವರ್ಷ ಇಲಿ ನಿನ್ನ ಮಾವನ ಕಾಯಿಗೆ ತೂತ ಕೊರದಿತ್ತು. ಹಳಿಯಾಳ ಸಂತ್ಯಾಗಿಂದ ಒಂದು ತಂದು ಅರಿಷಿಣ ಹಚ್ಚಿ ಇಟ್ಟೆ. ನಿಮಗ್ಯಾರಿಗೂ ಹೇಳ್ಲಿಲ್ಲ. ಇಟ್ಟ ಮ್ಯಾಲೆ ಅದ ಅವ ಆತು."

"ಹಂಗಾರ ನಾ ಮೂರು ವರ್ಷ ಯಾರ ಜೋಡಿ ಮಾತಾಡಿದೆ?" ನೀಲಂಳ ದನಿ ಏರಿತು. "ಹೇಳ್ರಿ! ದಿನಾ ಬಾಯಿ ನೋಯೂವಂಗ ಹೇಳಿದ್ನೆಲ್ಲಾ, ಯಾರ ಕೇಳಿದ್ರು?"

"ನಾ ನಲವತ್ತ ವರ್ಷ ಆತು, ಅದನ್ನ ಕೇಳಾಕ ಹತ್ತೇನಿ" ಎಂದಳು ತುಳಸಾ. ಅವಳಿಗೆ ಸಿಟ್ಟಿರಲಿಲ್ಲ. "ಯಾರೂ ಕೇಳೂದಿಲ್ಲ ಅಂತ ನಾ ಹೆಂಗ ಹೇಳ್ಲಿ? ಕೇಳ್ತಾರ ಅಂತನೂ ಹೆಂಗ ಹೇಳ್ಲಿ? ನನಗ ಗೊತ್ತಿದ್ದದ್ದು ಒಂದೈತಿ, ಅದನ್ನ ಹೇಳ್ತೇನಿ. ಬಾಗಿಲಾ ಹಾಕ."

ನೀಲಂ ಬಾಗಿಲು ಮುಂದೆ ಮಾಡಿದಳು.

ಪರಸಪ್ಪ ಕಾಡಿನಲ್ಲಿ ಮರ ಕಡಿಯುವ ಕೂಪಿನಲ್ಲಿ ಲಾರಿಗೆ ನಾಟಾ ಏರಿಸುವಾಗ ದಿಮ್ಮಿ ಉರುಳಿ ಸತ್ತದ್ದು ನೀಲಂಗೆ ಗೊತ್ತಿತ್ತು. ಆಗ ಯಲ್ಲಪ್ಪ ಹಾಲು ಕುಡಿಯುವ ಕೂಸು. ಮಾರನೆಯ ವರ್ಷ ಪಕ್ಕದ ಮನೆಯ ರೊಜಾರಿಯೊ ತುಳಸಾಳನ್ನು ಮದುವೆಯಾಗಲು ಕೇಳಿದ್ದೂ ಗೊತ್ತಿತ್ತು. ಊರಿಗೇ ಗೊತ್ತಿದ್ದ ಸಂಗತಿ. ರೊಜಾರಿಯೊ ಕ್ರಿಸ್ತರವನು, ಪರಸಪ್ಪನ ಜೀವದ ಗೆಳೆಯ. ಸತ್ತ ಗೆಳೆಯ ಒಪ್ಪಲಿಲ್ಲ, ಹೂವು ಎಡಕ್ಕೆ ಬಿತ್ತು. ರೊಜಾರಿಯೊ ಮರುಮಾತಾಡದೆ ತಲೆಬಾಗಿದ. ಆಮೇಲೆ ಬೇರೆ ಮದುವೆಯಾಗಿ, ಹೆಂಡತಿಯನ್ನು ಕಳೆದುಕೊಂಡು, ಈಗ ಬೇಲಿಯಾಚೆ ಒಬ್ಬನೇ ಇದ್ದ. ಪ್ರತಿ ವರ್ಷ ಹಿರಿಯರ ಪೂಜೆಗೆ ಒಂದು ಬಾಟಲಿ ಬಗನಿ ಹೆಂಡ ತಂದು ಗೆಳೆಯನ ಕಾಯಿಯ ಮುಂದೆ ಸುರಿದು, "ನೀ ಗೆದ್ದಿ ಬಿಡೋ ಪರಸ್ಯಾ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ತುಳಸಾ ಮಾತ್ರ ಆ ಹೊತ್ತಿಗೆ ಒಲೆಯ ಕಡೆ ಎದ್ದು ಹೋಗುತ್ತಿದ್ದಳು.

"ಹೂವು ಬೀಳಲೇ ಇಲ್ಲ" ಎಂದಳು ತುಳಸಾ.

"ಯಾವ ಹೂವು?"

"ನನ್ನ ಹೂವು. ಇಟ್ಟೆ, ಕುಂತೆ. ಕುಂತ ಕುಂತ ಕಾಲು ಜೋಮ ಹಿಡೀತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಹೊರಗ ಮಂದಿ, 'ಏನಾತ ತುಳಸಾ, ಏನಾತ' ಅನ್ನಾಕ ಹತ್ತಿದ್ರು. ನಾ ಎದ್ದು ಬಂದು, ಎಡಕ್ಕ ಬಿತ್ತು ಅಂದೆ."

"ಯಾಕ್ರಿ? ರೊಜಾರಿಯೊ ಕಾಕಾ ಬ್ಯಾಡಾಗಿದ್ರೇನು?"

"ಬೇಕಾಗಿದ್ದ" ಎಂದಳು ಮುದುಕಿ, ನಿನ್ನೆಯ ಮಾತೆಂಬಂತೆ. "ಬೇಕಾಗಿದ್ದ, ಅಂಜಿಕಿನೂ ಇತ್ತು. ಗಂಡ ಸತ್ತು ವರ್ಷಕ್ಕ ಹೋದ್ಲು ಅಂತಾರ, ಕೂಸಿನ ಗತಿ ಏನು, ಅದು ಇದು. ಬ್ಯಾಡ ಅಂತ ನಾ ಅಂದ್ರ ಅದು ನನ್ನ ಮಾತು ಆಗತಿತ್ತು. ಹೂಂ ಅಂದ್ರೂ ನನ್ನ ಮಾತ. ನನ್ನ ಮಾತು ಹೊರಾಕ ನನಗ ತಾಕತ್ತಿರಲಿಲ್ಲ ನೀಲೂ. ಸತ್ತಾವನ ತಲಿಮ್ಯಾಲೆ ಹೊರಿಸಿದೆ. ಅವ ಏನು, ಒಲ್ಲೆ ಅನ್ನಾಕ ಬರ್ತಾನೇನು?"

ನೀಲಂಗೆ ಇದನ್ನು ಕೇಳದೇ ಇದ್ದರೆ ಚೆನ್ನಾಗಿತ್ತು ಎನಿಸಿತು. ಅತ್ತೆಯ ಮೇಲೆ ಸಿಟ್ಟೂ ಬಂತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಇನ್ನೆರಡು ದಿನ ಇಟ್ಟುಕೊಳ್ಳಬಾರದಿತ್ತೆ?

"ಯಾಕ ಹೇಳಿದ್ರಿ ನನಗ?"

"ನೀನು ನಾಡದ್ದ ಇಲ್ಲೇ ಕುಂದರಾಕಿ. ನನ್ನ ಕಣ್ಣ ಕಾಣೂದಿಲ್ಲ, ಮಂದಿ ಹೊರಗ ಇರ್ತಾರ. ಬಲಕ್ಕ ಬಿತ್ತು ಅಂದ್ಬಿಡು. ಯಾರ ಕೇಳಾವ್ರು? ನಾ ಎಡಕ್ಕ ಅಂದಿದ್ದೆ, ನೀ ಬಲಕ್ಕ ಅನ್ನು." ಸ್ವಲ್ಪ ತಡೆದು, "ನಿನ್ನ ಬಿಟ್ಟು ನನಗ ಹೆಂಗ ಅಂತ ಅನಸೂದಿಲ್ಲ ಅಂತಿಲ್ಲ. ಅನಸತೈತಿ. ಸಂಕಟಾನೂ ಆಗತೈತಿ. ಆದ್ರ ನಾಳೆ ನಾನೂ ಬಂದು ಇಲ್ಲೆ ಬಾಗಿಲ ಕಡೆ ಕುಂದರಾಕಿ, ಆಮ್ಯಾಲೆ ಗೋಡಿ ಕಡೆ ಸರ್ಯಾಕಿ, ಆಮ್ಯಾಲೆ ಹಳ್ಳ. ಹಳ್ಳದಾಗ ಹೋದಾಕಿ ಹೆಸರ ಯಾರಿಗೆ ಬೇಕು" ಎಂದಳು.

ಗುರುವಾರ ನೀಲಂ ಕಟ್ಟೆಗೆ ಸೆಗಣಿ ಸಾರಿಸಿದಳು, ವಡೆಗೆ ಹಿಟ್ಟು ಬೀಸಿಕೊಂಡು ಬಂದಳು. ಸಂಜೆ ದೀಪ ಹಚ್ಚಿ ರೂಢಿಯಂತೆ ಬಾಗಿಲ ಕಡೆಯ ಕಾಯಿಯ ಮುಂದೆ ಕೂತಳು. ದಿನದ ಸುದ್ದಿ ಒಪ್ಪಿಸಲಿಲ್ಲ. ಜ್ಯೋತಿಬಾನ ನಗು ನೆನಪಾಯಿತು. ಅದರ ಹಿಂದೆಯೇ ಯಲ್ಲಪ್ಪ ಕೊನೆಯ ದಿನ ಹಳದಿ ಕಣ್ಣು ಬಿಟ್ಟು ನೋಡಿದ್ದು ನೆನಪಾಯಿತು. ಬದುಕಿದ್ದಾಗಲೂ ಅವನು ಅವಳ ಯಾವ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದ? "ನೀ ನೋಡ, ನಿನಗ ಹೆಂಗ ಬೇಕೋ ಹಂಗ" ಎಂದು ದೋಣಿಯ ಕಡೆ ಹೊರಟುಬಿಡುತ್ತಿದ್ದ. ಅದಕ್ಕೆ ಅವನೊಂದಿಗೆ ಎಷ್ಟು ಸಲ ಜಗಳವಾಡಿದ್ದಳು.

ಶುಕ್ರವಾರ ಹನ್ನೊಂದಕ್ಕೆಲ್ಲ ಜ್ಯೋತಿಬಾ ತನ್ನ ಅಕ್ಕ ರುಕ್ಮಾಬಾಯಿಯೊಂದಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ರೊಜಾರಿಯೊ ಬೇಲಿ ದಾಟಿ ತನ್ನ ಬಾಟಲಿ ಹಿಡಿದು ಬಂದು ಜಗಲಿಯ ಕಂಬಕ್ಕೆ ಒರಗಿದ. ಐದು ಎಲೆಗಳಲ್ಲಿ ವಡೆ, ಕೋಳಿ ಸಾರು, ಸುಟ್ಟ ಒಣಮೀನು ಬಡಿಸಿದ್ದಾಯಿತು. ಎಲೆಗೊಂದು ಬೀಡಿ ಇಟ್ಟದ್ದೂ ಆಯಿತು. ತುಳಸಾ ಒಬ್ಬೊಬ್ಬರ ಹೆಸರು ಕರೆದು ಊಟಕ್ಕೆ ಎಬ್ಬಿಸಿ ಹೊರಗೆ ಹೋದಳು. ಹೋಗುವಾಗ ಸೊಸೆಯ ತಲೆ ತಡವಿದಳು.

ನೀಲಂ ಒಬ್ಬಳೇ ಉಳಿದಳು. ಹೂವನ್ನು ನೀರಲ್ಲಿ ಅದ್ದಿ ಬಾಗಿಲ ಕಡೆಯ ಕಾಯಿಯ ಮೇಲಿಟ್ಟಳು. ಹಂಚಿನ ಸಂದಿಯಿಂದ ಬಿದ್ದ ಬಿಸಿಲಲ್ಲಿ ಸೇವಂತಿಯ ಹಳದಿ ಹೊಳೆಯಿತು. ಒಂದು ಹನಿ ನೀರು ಕಾಯಿಯ ಮೈಮೇಲೆ ಇಳಿದು ಕಟ್ಟೆಗೆ ಇಂಗಿತು. ಹೂವು ಅಲ್ಲಾಡಲಿಲ್ಲ.

ಕಾದಳು. ಹೊರಗೆ ರುಕ್ಮಾಬಾಯಿ ಕೆಮ್ಮಿದಳು. ನೀಲಂಗೆ ಒಂದು ಕ್ಷಣ, ಊದಿಬಿಡಲೇ ಅನಿಸಿತು. ಬಲಗಡೆಗೆ ಬೀಳುವ ಹಾಗೆ ಒಂದೇ ಒಂದು ಉಸಿರು. ಯಾರು ನೋಡುತ್ತಾರೆ? ಬಲಕ್ಕೆ ಬಿತ್ತು ಅಂದರೆ ನಾಳೆ ಕುಳಗಿಯಲ್ಲಿ ಏನೇ ಕಷ್ಟ ಬಂದರೂ, ಗಂಡನೇ ಕಳಿಸಿದ್ದು ಎಂದು ಅವನ ಮೇಲೆ ಹಾಕಬಹುದು. ಎಷ್ಟು ಸುಖ! ಮುಖವನ್ನು ಕಾಯಿಯ ಹತ್ತಿರ ತಂದಳು ಕೂಡ. ಅಷ್ಟು ಹತ್ತಿರದಿಂದ ನೋಡಿದರೆ ಅದು ತೆಂಗಿನಕಾಯಿ, ಅರಿಸಿನ ಒಣಗಿ ಬಿರುಕು ಬಿಟ್ಟಿತ್ತು. ಹೆದರಿಕೆಯಾಯಿತು ಅವಳಿಗೆ. ಆದರೆ ಊದಲಿಲ್ಲ.

ಎದ್ದು ಹೊರಗೆ ಬಂದಳು.

"ಯಾ ಕಡೆ ಬಿತ್ತವ್ವಾ?" ರುಕ್ಮಾಬಾಯಿ ಕೇಳಿದಳು.

"ಬಿದ್ದಿಲ್ರಿ."

"ಹಂಗಂದ್ರ?"

"ಎಡಕ್ಕೂ ಬಿದ್ದಿಲ್ಲ, ಬಲಕ್ಕೂ ಬಿದ್ದಿಲ್ಲ. ಇಟ್ಟಲ್ಲೇ ಐತಿ. ಬೇಕಾದ್ರ ನೋಡ್ರಿ."

ಜ್ಯೋತಿಬಾ ಬಾಳೆಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಅವನ ಅಕ್ಕ ನಿಟ್ಟುಸಿರುಬಿಟ್ಟು, "ಹಂಗಿದ್ರ ಬರೂ ವರ್ಷ ಕೇಳೂಣಂತ. ಹಿರಿಯಾರ ಮನಸಿನ್ಯಾಗ ಏನೈತೋ ಏನೋ" ಎಂದಳು.

"ಬರೂ ವರ್ಷ ಬ್ಯಾಡ್ರಿ" ಎಂದಳು ನೀಲಂ. "ಅವ್ರು ಏನೂ ಹೇಳಿಲ್ಲ. ನಾನ ಹೇಳಾಕ ಹತ್ತೇನಿ. ನಾ ಬರ್ತೇನಿ. ಒಳ್ಳೇದಾದ್ರೂ ನನಗ, ಕೆಟ್ಟದ್ದಾದ್ರೂ ನನಗ."

ಜ್ಯೋತಿಬಾ ತಲೆ ತಗ್ಗಿಸಿ, "ಅತ್ತಿಯವ್ರನ್ನ ನಾನು ವಾರಕ್ಕೊಮ್ಮೆ ಬಂದು ನೋಡ್ತೇನ್ರಿ" ಎಂದು ಯಾರಿಗೆಂದಿಲ್ಲದೆ ಹೇಳಿದ.

ರೊಜಾರಿಯೊ ಕಂಬ ಬಿಟ್ಟು ನೆಟ್ಟಗೆ ನಿಂತಿದ್ದ. ಅವನು ನೋಡುತ್ತಿದ್ದದ್ದು ನೀಲಂಳನ್ನಲ್ಲ.

"ತುಳಸಾ, ಹೂವು ಬೀಳದನೂ ಇರ್ತೈತೇನು?"

ತುಳಸಾ ಮಡಿಲಲ್ಲಿದ್ದ ಕೈಗಳನ್ನು ಒಂದಕ್ಕೊಂದು ಉಜ್ಜಿದಳು. ಈ ಸಲ ಅವಳು ಒಲೆಯ ಕಡೆ ಎದ್ದು ಹೋಗಲಿಲ್ಲ.

"ಇರ್ತೈತಿ" ಎಂದಳು.

"ಆವತ್ತೂ?"

"ಆವತ್ತೂ."

ರೊಜಾರಿಯೊನ ಬಾಯಿ ಒಂದೆರಡು ಸಲ ಅಲುಗಿತು. ಬೈಯುತ್ತಾನೆಂದು ನೀಲಂ ಅಂದುಕೊಂಡಳು. ಬೈದರೆ ತಪ್ಪೇನೂ ಇರಲಿಲ್ಲ. ಅವನು ಬಾಟಲಿಯನ್ನು ಜಗಲಿಯ ಮೇಲಿಟ್ಟು, ಬೇಲಿ ದಾಟಿ ತನ್ನ ಮನೆಯೊಳಗೆ ಹೋಗಿಬಿಟ್ಟ. ಆ ವರ್ಷ ಪರಸಪ್ಪನಿಗೆ ಹೆಂಡ ಸಿಗಲಿಲ್ಲ. ಊಟಕ್ಕೆ ಕರೆದರೂ ರೊಜಾರಿಯೊ ಬರಲಿಲ್ಲ; ಅವನ ಎಲೆಯನ್ನು ಮುಚ್ಚಿಟ್ಟರು.

ಮೂರೂವರೆಯ ಬಸ್ಸಿಗೆ ಅಕ್ಕ-ತಮ್ಮ ಹೊರಟರು. ನೀಲಂ ಅವರನ್ನು ರಸ್ತೆಯವರೆಗೆ ಕಳಿಸಿ ಬಂದು, ಪಾತ್ರೆ ತಿಕ್ಕಿ, ಎಂಜಲೆಲೆಗಳನ್ನು ಬಾಚಿಕೊಂಡು ಹೊರಗೆ ಬಂದಳು. ಜಗಲಿಯಲ್ಲಿ ತುಳಸಾ ಕೌದಿ ಹರವಿಕೊಂಡು ಕೂತಿದ್ದಳು. ಕಂಬದ ಚಿಂದಿಯಲ್ಲಿ ಸೂಜಿಗಳು ಖಾಲಿ ಇದ್ದವು. ಬೆಳಗಿನ ಗಡಿಬಿಡಿಯಲ್ಲಿ ನೀಲಂ ದಾರ ಪೋಣಿಸುವುದನ್ನೇ ಮರೆತಿದ್ದಳು.

ರೊಜಾರಿಯೊ ಯಾವಾಗ ಬಂದನೋ, ತುಳಸಾಳ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಸೂಜಿಯನ್ನು ಇಳಿಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ದಾರದ ತುದಿಯನ್ನು ನಾಲಿಗೆಗೆ ಹಚ್ಚಿ ಹಚ್ಚಿ ತೂರಿಸಲು ನೋಡುತ್ತಿದ್ದ. ದಾರ ಒಮ್ಮೆ ಈ ಕಡೆ ಹೋಗುತ್ತಿತ್ತು, ಒಮ್ಮೆ ಆ ಕಡೆ. ನೀಲಂ ಎಲೆಗಳನ್ನು ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು.

"ಆತೇನು?" ತುಳಸಾ ಕೇಳಿದಳು.

"ತಡಿ" ಎಂದ ರೊಜಾರಿಯೊ.

ತುಳಸಾ ಸೂಜಿಗಾಗಿ ಅಂಗೈ ಚಾಚಿಕೊಂಡು ಕೂತಿದ್ದಳು.